ಫೀಸೆಷ್ಟು ಅಂದರೆ ತೊದಲದೆ ಹೇಳಲು ನನಗೆ 14 ತಿಂಗಳು ಹಿಡಿಯಿತು

ನನ್ನ ಮನೆ ಡೇಕೇರಿಗೆ ಮೊದಲ ಫೋನ್ ಬಂದಾಗ ನಾನು ನೆಲದ ಮೇಲೆ ಕೂತು, ಮಕ್ಕಳು ಮೆಟ್ಟಿಲು ಹತ್ತದ ಹಾಗೆ ಹಾಕುವ ಪುಟ್ಟ ಗೇಟಿನ ಸ್ಕ್ರೂ ಬಿಗಿ ಮಾಡುತ್ತಿದ್ದೆ. ಆ ಕಡೆಯಿಂದ ಒಬ್ಬ ತಾಯಿ. "ಮೇಡಂ, ಮಗುವಿಗೆ ಒಂದು ವರ್ಷ. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಬಿಡಬೇಕು. ಫೀಸ್ ಎಷ್ಟು ತಗೋತೀರಾ?" ಅಂದರು. ಮೂರು ತಿಂಗಳಿಂದ ಇದೇ ಪ್ರಶ್ನೆಗೆ ಕಾದಿದ್ದವಳು ನಾನು. ಬಾಯಿಂದ ಬಂದದ್ದು ಮಾತ್ರ, "ಅಯ್ಯೋ, ಅದೇನು ದೊಡ್ಡ ವಿಷಯ ಅಲ್ಲ ಬಿಡಿ. ಮೊದಲು ಬಂದು ನೋಡಿ, ಆಮೇಲೆ ಮಾತಾಡೋಣ." ಅವರು "ಸರಿ" ಎಂದು ಫೋನ್ ಇಟ್ಟರು. ಬರಲೇ ಇಲ್ಲ.

ಆಗ ನನಗೆ ತಪ್ಪು ಗೊತ್ತಾಗಲಿಲ್ಲ. ಅವರಿಗೆ ಬೇರೆ ಎಲ್ಲೋ ಸಿಕ್ಕಿರಬೇಕು ಅಂದುಕೊಂಡೆ. ಈಗ ನನ್ನ ಮನೆ ಡೇಕೇರಿನಲ್ಲಿ ಐದೂ ಜಾಗ ತುಂಬಿವೆ, ಮೂರು ಮನೆಯವರು ಕಾಯುವ ಪಟ್ಟಿಯಲ್ಲಿದ್ದಾರೆ. ಇಲ್ಲಿಗೆ ಬರುವಷ್ಟರಲ್ಲಿ ನಾನು ಎಲ್ಲೆಲ್ಲಿ ಮುಗ್ಗರಿಸಿದೆ ಅನ್ನುವುದನ್ನು ಬರೆದಿಡುತ್ತೇನೆ. ಒಂದು ಮಾತು ಮೊದಲೇ: ಹಣದ ಮೊತ್ತಗಳನ್ನು ಇಲ್ಲಿ ಬರೆಯುವುದಿಲ್ಲ. ಬಾಡಿಗೆ, ಸಂಬಳ, ದರ ಎಲ್ಲ ಊರಿಂದ ಊರಿಗೆ ಬೇರೆ. ನನ್ನ ಮೊತ್ತ ನೋಡಿ ನೀವು ನಿಮ್ಮ ಫೀಸು ನಿಗದಿ ಮಾಡಿದರೆ ನಾನು ಮಾಡಿದ ಮೊದಲ ತಪ್ಪನ್ನೇ ಮಾಡಿದ ಹಾಗೆ. ಅದಕ್ಕೆ ನಾನು ಶುರುವಿನಲ್ಲಿ ಇಟ್ಟ ತಿಂಗಳ ಫೀಸನ್ನು 100 ಎಂದುಕೊಳ್ಳಿ. ಉಳಿದ ಲೆಕ್ಕವೆಲ್ಲ ಆ ನೂರರ ಅಳತೆಯಲ್ಲಿ.

ಲೈಸೆನ್ಸಿಗೆ ಬೇಕಾದ ಕಾಗದಪತ್ರದ ಕತೆ ಉದ್ದ, ಆದರೆ ಅದರಲ್ಲಿ ಹೇಳುವಂಥದ್ದು ಕಡಿಮೆ. ಗುರುತಿನ ಚೀಟಿ, ಮನೆ ಮಾಲೀಕರ ಒಪ್ಪಿಗೆ ಪತ್ರ, ಪೊಲೀಸ್ ಪರಿಶೀಲನೆ, ಪ್ರಥಮ ಚಿಕಿತ್ಸೆಯ ತರಬೇತಿ ಪ್ರಮಾಣಪತ್ರ, ನನ್ನ ಆರೋಗ್ಯ ತಪಾಸಣೆ, ಬೆಂಕಿ ನಂದಿಸುವ ಸಿಲಿಂಡರ್, ವಿಮೆ, ಮನೆಯ ನಕ್ಷೆ. ನಕ್ಷೆಯನ್ನು ನಾನೇ ಗೆರೆ ಹಾಳೆಯ ಮೇಲೆ ಬರೆದು ಕೊಟ್ಟಿದ್ದೆ. ಅಳತೆ ಇಲ್ಲ ಎಂದು ವಾಪಸ್ ಬಂತು. ಒಟ್ಟು ನಾಲ್ಕು ತಿಂಗಳು. ಅದರಲ್ಲಿ ಎಂಟು ವಾರ ಬರೀ ಕಾಯುವುದು. ಇನ್ಸ್‌ಪೆಕ್ಷನ್‌ಗೆ ದಿನ ಕೊಟ್ಟು ಎರಡು ಸಲ ಮುಂದೂಡಿದರು. ಎರಡು ಸಲವೂ ನಾನು ಮನೆಯ ಮೂಲೆ ಮೂಲೆ ಒರೆಸಿ ಕೂತಿದ್ದೆ.

ಮೂರನೇ ಸಲ ಬಂದ ಇನ್ಸ್‌ಪೆಕ್ಟರ್ ಬ್ಯಾಗಿನಿಂದ ಒಂದು ಪುಟ್ಟ ಪ್ಲಾಸ್ಟಿಕ್ ಕೊಳವೆ ತೆಗೆದರು. ಅಗಲ 3.17 ಸೆಂ.ಮೀ. ಮೂರು ವರ್ಷದೊಳಗಿನ ಮಗುವಿನ ಗಂಟಲಿನ ಅಳತೆಗೆ ಹತ್ತಿರವಾಗಿ ಮಾಡಿದ್ದು. ಅದರೊಳಗೆ ಪೂರ್ತಿ ಇಳಿಯುವ ಯಾವ ವಸ್ತುವೂ ಆ ವಯಸ್ಸಿನವರ ಕೈಗೆ ಸಿಗಬಾರದು. ನನ್ನ ಮಗಳ ಆಟಿಕೆ ಬುಟ್ಟಿಯಿಂದ ಒಂದೊಂದೇ ತೆಗೆದು ಕೊಳವೆಗೆ ಹಾಕುತ್ತಾ ಹೋದರು. ಗೊಂಬೆಯ ಚಪ್ಪಲಿ ಇಳಿಯಿತು. ಮರದ ಮಣಿ ಇಳಿಯಿತು. ಟಾರ್ಚ್ ಗೊಂಬೆಯ ಬೆನ್ನಿನ ಮುಚ್ಚಳ ಸಡಿಲವಾಗಿತ್ತು, ಒಳಗೆ ಬಟನ್ ಬ್ಯಾಟರಿ. ಅದನ್ನು ನೋಡಿದಾಗ ಮಾತ್ರ ಅವರ ಮುಖ ಬದಲಾಯಿತು. ಬಟನ್ ಬ್ಯಾಟರಿ ನುಂಗಿದ ಮಗುವಿಗೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು ಎಂದು ಅವತ್ತು ತಿಳಿಯಿತು. ಅರ್ಧ ಬುಟ್ಟಿ ಖಾಲಿ ಆಯಿತು.

ಹೋಗುವಾಗ ಬಾಗಿಲಲ್ಲಿ ನಿಂತು ಅವರು ಸಹಜವಾಗಿ ಕೇಳಿದರು: "ಇವಳು ನಿಮ್ಮ ಮಗಳೇ? ಎಷ್ಟು ವಯಸ್ಸು?"

"ಮೂರು."

"ಹಾಗಾದರೆ ನಿಮಗೆ ಐದೇ ಜಾಗ. ಆರರಲ್ಲಿ ಇವಳೂ ಒಬ್ಬಳು."

ನನ್ನ ಲೈಸೆನ್ಸಿಗೆ ಆರು ಮಕ್ಕಳ ಮಿತಿ, ನನ್ನ ಇಡೀ ಲೆಕ್ಕ ಆ ಆರರ ಮೇಲೆ ನಿಂತಿತ್ತು. ನಮ್ಮ ಮನೆಯವರು ರಾತ್ರಿ ಊಟಕ್ಕೆ ಕೂತಾಗ ಮಗಳ ತಲೆ ಸವರಿ, "ಡೇಕೇರಿನ ಅತಿ ದುಬಾರಿ ಗಿರಾಕಿ ಇವಳೇ ನೋಡು, ಫೀಸೂ ಕೊಡಲ್ಲ" ಅಂದರು. ನಗು ಬರಲಿಲ್ಲ ನನಗೆ. ನೀವು ಶುರು ಮಾಡುವವರಿದ್ದರೆ ಫೀಸಿನ ಲೆಕ್ಕಕ್ಕೂ ಮೊದಲು ಈ ಎರಡು ಪ್ರಶ್ನೆ ಕೇಳಿ, ಉತ್ತರವನ್ನು ಬರಹದಲ್ಲಿ ತಗೊಳ್ಳಿ: ಸ್ವಂತ ಮಗು ಲೆಕ್ಕಕ್ಕೆ ಸೇರುತ್ತದೆಯೇ, ಒಂದು ವರ್ಷದೊಳಗಿನ ಮಕ್ಕಳು ಗರಿಷ್ಠ ಎಷ್ಟು. ನನಗೆ ಇಬ್ಬರು ಹಸುಗೂಸುಗಳಿಗಷ್ಟೇ ಅವಕಾಶ. ಅದು ಸರಿಯೂ ಹೌದು. ಮೂವರು ಹಸುಗೂಸು ಒಟ್ಟಿಗೆ ಅತ್ತರೆ ಎರಡು ಕೈ ಸಾಲುವುದಿಲ್ಲ.

ಇನ್ನು ಫೀಸು ಹೇಗೆ ಇಟ್ಟೆ ಅನ್ನುವ ನಾಚಿಕೆಯ ಕತೆ. ಸುತ್ತಮುತ್ತಲ ಐದಾರು ಡೇಕೇರುಗಳಿಗೆ ಮಗು ಬಿಡುವ ತಾಯಿಯ ಹಾಗೆ ಫೋನ್ ಮಾಡಿದೆ. ಎಲ್ಲರ ದರ ಬರೆದುಕೊಂಡು, ಕೂಡಿ ಭಾಗಿಸಿ, ನಾನು ಹೊಸಬಳು ಎಂದು ಅದರಿಂದ ಇನ್ನಿಷ್ಟು ಇಳಿಸಿದೆ. ಹಾಗೆ ಬಂದದ್ದು 100. ಒಬ್ಬರದ್ದರಲ್ಲಿ ಊಟ ಸೇರಿತ್ತು, ಇನ್ನೊಬ್ಬರದ್ದರಲ್ಲಿ ಇಲ್ಲ. ಒಬ್ಬರು ನಾಲ್ಕೂವರೆಗೇ ಬಾಗಿಲು ಹಾಕುತ್ತಿದ್ದರು, ಒಬ್ಬರು ಏಳರವರೆಗೆ ತೆರೆದಿರುತ್ತಿದ್ದರು. ಒಬ್ಬರ ಹತ್ತಿರ ಹದಿನೈದು ಮಕ್ಕಳು, ಮೂವರು ಸಹಾಯಕಿಯರು. ಇವೆಲ್ಲವನ್ನೂ ಒಂದೇ ಕಾಲಂನಲ್ಲಿ ಬರೆದು ಸರಾಸರಿ ತೆಗೆದವಳು ನಾನು. ಇನ್ನೊಬ್ಬರ ದರ ಕೇಳುವುದು ತಪ್ಪಲ್ಲ. ಆದರೆ ಅದು ನಿಮ್ಮ ಲೆಕ್ಕ ಮುಗಿದ ಮೇಲೆ ಹೋಲಿಸಿ ನೋಡುವುದಕ್ಕೆ. ಮತ್ತೆ ಸುಳ್ಳು ಹೇಳಿ ಕೇಳಬೇಡಿ. ಅವರಲ್ಲೊಬ್ಬರು ಆಮೇಲೆ ನನಗೆ ಗೆಳತಿಯಾದರು, ಅವರ ಮುಂದೆ ಆ ಫೋನ್ ವಿಷಯ ಒಪ್ಪಿಕೊಳ್ಳುವ ಹೊತ್ತಿಗೆ ಬೆವರು ಬಂತು.

ಬಾಗಿಲು ತೆರೆದ ಮೇಲೆ ಮೂರು ವಾರ ಒಬ್ಬರೂ ಇಲ್ಲ. ಕರಪತ್ರ 500 ಮುದ್ರಿಸಿದ್ದೆ, ಬಣ್ಣದ್ದು, ಮೂಲೆಯಲ್ಲಿ ಬಲೂನು ಚಿತ್ರ. ಮನೆಮನೆಗೆ ಹಾಕಿಸಿದೆ. ಒಂದು ಫೋನೂ ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಆಟಿಕೆ ಮಾರುವವರೊಬ್ಬರು ಮಾಡಿದ್ದರು. ದಿನಾ ಬೆಳಿಗ್ಗೆ ಎಂಟರೊಳಗೆ ತಯಾರಾಗಿ, ಚಾಪೆ ಹಾಸಿ, ಗೊಂಬೆ ಜೋಡಿಸಿ ಕೂರುವುದು. ಹತ್ತಕ್ಕೆ ಮಗಳು ಒಬ್ಬಳೇ ಬಂದು ಎಲ್ಲ ಕೆಡವುವುದು.

ಆ ದಿನಗಳಲ್ಲಿ ಬಂದ ಒಬ್ಬ ತಾಯಿಯನ್ನು ಮರೆಯಲಾರೆ. ಏಳು ತಿಂಗಳ ಕೂಸು ಎತ್ತಿಕೊಂಡು ಬಂದಿದ್ದರು. ನಾನು ಗೋಡೆಯ ಚಿತ್ರ ತೋರಿಸಿದೆ, ಅಕ್ಷರದ ಚಾರ್ಟ್ ತೋರಿಸಿದೆ. ಅವರ ಕಣ್ಣು ಅತ್ತ ಹೋಗಲೇ ಇಲ್ಲ. ಗೇಟಿನ ಚಿಲಕ ಎರಡು ಸಲ ಹಾಕಿ ತೆಗೆದು ನೋಡಿದರು. ಔಷಧಿಯ ಕಪಾಟು ಎಷ್ಟು ಎತ್ತರದಲ್ಲಿದೆ ಎಂದು ನೋಡಿದರು. ಆಮೇಲೆ ಕೇಳಿದ್ದು ಒಂದೇ: "ಇವಳು ಮಲಗೋದು ಎಲ್ಲಿ?" ಹೆಮ್ಮೆಯಿಂದ ಒಳಗಿನ ಕೋಣೆಗೆ ಕರೆದುಕೊಂಡು ಹೋದೆ. ಹಿಂದಿನ ದಿನವಷ್ಟೇ ಫೋಟೊ ತೆಗೆಯಲೆಂದು ಆ ಪುಟ್ಟ ಮಂಚದಲ್ಲಿ ಹತ್ತಿಯ ದಿಂಬು, ಅಂಚಿಗೆ ಮೆತ್ತನೆಯ ಸುತ್ತುಪಟ್ಟಿ, ಎರಡು ಕರಡಿ ಗೊಂಬೆ ಇಟ್ಟಿದ್ದೆ. ಅವರು ದಿಂಬನ್ನು ಮುಟ್ಟಿ, "ಒಂದು ವರ್ಷ ಆಗೋವರೆಗೆ ಇದೆಲ್ಲ ಇಡಬಾರದು ಅಲ್ವಾ ಮೇಡಂ?" ಅಂದರು. ನನಗೆ ಗೊತ್ತಿತ್ತು. ತರಬೇತಿಯಲ್ಲಿ ಕಲಿತಿದ್ದೆ: ಬೆನ್ನ ಮೇಲೆ ಮಲಗಿಸಬೇಕು, ಹಾಸಿಗೆ ಗಟ್ಟಿಯಾಗಿರಬೇಕು, ಮೆತ್ತನೆಯದು ಯಾವುದೂ ಹತ್ತಿರ ಇರಬಾರದು. "ಫೋಟೊಗೆ ಇಟ್ಟಿದ್ದು" ಅಂದೆ. ಅವರು ತಲೆಯಾಡಿಸಿದರು, ಅಷ್ಟೇ. ಆ ಕೂಸು ನನ್ನ ಹತ್ತಿರ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಅವತ್ತು ಸಂಜೆ ಮಂಚ ಖಾಲಿ ಮಾಡಿ, ಬರೀ ಬಿಗಿಯಾದ ಹೊದಿಕೆ ಹಾಸಿ, ಮತ್ತೆ ಫೋಟೊ ತೆಗೆದೆ. ನೋಡಲು ಬೋಳು ಬೋಳು. ಆಮೇಲೆ ಜನ ಕರೆ ಮಾಡಿದ್ದು ಆ ಫೋಟೊ ನೋಡಿಯೇ.

ಇನ್ನೊಬ್ಬ ತಂದೆ ಫೋನಿನಲ್ಲಿ ಫೀಸು ಕೇಳಿದರು. ಹೇಗೋ ಧೈರ್ಯ ಮಾಡಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮೌನ. "ಇಷ್ಟು ಕಡಿಮೆನಾ? ಹಾಗಾದರೆ ಎಷ್ಟು ಮಕ್ಕಳನ್ನ ತುಂಬಿಸಿಕೊಂಡಿದ್ದೀರಾ?" ಅಂದರು. ನನ್ನ ಹತ್ತಿರ ಆಗ ಇದ್ದದ್ದು ಒಬ್ಬ ಹುಡುಗ.

ಆ ಒಬ್ಬ ಹುಡುಗ ಬಂದದ್ದು ಗೇಟಿಗೆ ಕಟ್ಟಿದ ಬೋರ್ಡಿನಿಂದ. ಅವರಮ್ಮ ದಿನಾ ಕೆಲಸಕ್ಕೆ ಹೋಗುವಾಗ ನಮ್ಮ ಮನೆ ಮುಂದೆ ಹಾದು ಹೋಗುತ್ತಿದ್ದರಂತೆ, ಎರಡು ವಾರ ನೋಡಿ ನೋಡಿ ಒಳಗೆ ಬಂದರು. ಎರಡನೆಯವಳು ಅವರ ಸಹೋದ್ಯೋಗಿಯ ಮಗಳು. ಮೂರನೆಯದು ಮಕ್ಕಳ ವೈದ್ಯರ ಕ್ಲಿನಿಕ್ಕಿನ ಗೋಡೆಗೆ ಅಂಟಿಸಿದ್ದ ಚೀಟಿಯಿಂದ. ಮೂವರಾಗಲು ಮೂರು ತಿಂಗಳು ಆಯಿತು, ಮೂವರಲ್ಲೇ ಇನ್ನೂ ಮೂರು ತಿಂಗಳು ನಿಂತಿತು.

ಸಂಕಟ ಶುರುವಾದದ್ದು ಮಕ್ಕಳು ಬಂದ ಮೇಲೆ. ಒಬ್ಬ ಹುಡುಗನ ತಂದೆ ದಿನಾ ಇಪ್ಪತ್ತು ನಿಮಿಷ ತಡ. ಒಳ್ಳೆಯ ಮನುಷ್ಯ, ಬರುವಾಗ ಏದುಸಿರು ಬಿಡುತ್ತಾ "ಸಾರಿ ಮೇಡಂ" ಅನ್ನುತ್ತಲೇ ಬರುತ್ತಿದ್ದರು. ಹುಡುಗ ಆರಕ್ಕೇ ಶೂ ಹಾಕಿಸಿಕೊಂಡು, ಬ್ಯಾಗು ತೊಡೆಯ ಮೇಲಿಟ್ಟುಕೊಂಡು, ಬಾಗಿಲ ಕಡೆಗೆ ಮುಖ ಮಾಡಿ ಕೂತಿರುತ್ತಿದ್ದ. ನನ್ನ ಮಗಳು ಒಳಗಿನಿಂದ ಅಮ್ಮಾ ಎಂದು ಕರೆಯುತ್ತಿದ್ದಳು. ಇಪ್ಪತ್ತು ನಿಮಿಷ ಅಂದರೆ ಏನು ಮಹಾ ಅನಿಸುತ್ತದೆ. ತಿಂಗಳಿಗೆ 22 ದಿನ ಹಿಡಿದರೆ 440 ನಿಮಿಷ, ಏಳು ಗಂಟೆ ಇಪ್ಪತ್ತು ನಿಮಿಷ. ಹತ್ತಿರ ಹತ್ತಿರ ಒಂದು ದಿನದ ಕೆಲಸ. ಅದಕ್ಕೆ ಬಿಡಿಗಾಸು ಕೇಳಿರಲಿಲ್ಲ ನಾನು.

ಐದನೇ ತಿಂಗಳು ಶೀತದ ಕಾಲ. ಪುಟ್ಟ ಮಕ್ಕಳಿಗೆ ವರ್ಷಕ್ಕೆ ಆರರಿಂದ ಎಂಟು ಸಲ ನೆಗಡಿ ಬರುವುದು ಮಾಮೂಲು; ಹೊಸದಾಗಿ ಬೇರೆ ಮಕ್ಕಳ ಜೊತೆ ಸೇರಿದಾಗ ಇನ್ನೂ ಹೆಚ್ಚು. ಒಂದು ಮಗು ಒಂಬತ್ತು ದಿನ ಬರಲಿಲ್ಲ. ತಿಂಗಳ ಕೊನೆಯಲ್ಲಿ ಅವರಮ್ಮ ಒಂಬತ್ತು ದಿನದ್ದು ಕಳೆದು ಕೊಟ್ಟರು. "ಬರದೇ ಇರೋ ದಿನಕ್ಕೆ ಯಾಕೆ ಅಲ್ವಾ" ಅಂದರು. ನಾನು ನಕ್ಕು "ಹೌದೌದು" ಅಂದೆ. ಒಳಗೆ ಹೋಗಿ ಅಡುಗೆ ಕಟ್ಟೆ ಮೇಲೆ ಕೂತು ಕೂಡಿ ಕಳೆದು ನೋಡಿದೆ. ಎಲ್ಲ ಖರ್ಚು ಹೋಗಿ ಆ ತಿಂಗಳು ನನ್ನ ಕೈಯಲ್ಲಿ ಉಳಿದದ್ದು 4. ಒಂದು ಮಗುವಿನ ಫೀಸು 100 ಅನ್ನುವ ಅಳತೆಯಲ್ಲಿ, ನಾಲ್ಕು.

ಅಕ್ಕ ಲೆಕ್ಕಪತ್ರ ನೋಡುವ ಕೆಲಸದವಳು. ಅವಳ ಮುಂದೆ ಅತ್ತುಬಿಟ್ಟೆ. ಅವಳು ಸಮಾಧಾನ ಮಾಡಲಿಲ್ಲ, ಪೆನ್ನು ತಗೋ ಅಂದಳು.

"ದಿನಕ್ಕೆ ಎಷ್ಟು ಗಂಟೆ ಕೆಲಸ ಮಾಡ್ತೀಯಾ?"

"ಎಂಟು ಅಂತ ಹಾಕಿದ್ದೆ."

"ಹಾಕಿದ್ದು ಬೇಡ. ಮಾಡೋದು ಹೇಳು."

ಬಾಗಿಲು ತೆರೆದಿರುವುದು ಹತ್ತು ಗಂಟೆ. ಮಕ್ಕಳು ಬರುವ ಮೊದಲು ಒಂದು ಗಂಟೆ ತಯಾರಿ. ಹೋದ ಮೇಲೆ ಒಂದು ಗಂಟೆ ಗುಡಿಸಿ ಒರೆಸಿ, ಆಟಿಕೆ ತೊಳೆದು, ಬಟ್ಟೆ ನೆನೆಹಾಕುವುದು. ದಿನಕ್ಕೆ 12, ತಿಂಗಳಿಗೆ 264 ಗಂಟೆ. ನಾನು ಲೆಕ್ಕಕ್ಕೆ ಹಿಡಿದದ್ದು 176. ಮೂರರಲ್ಲಿ ಒಂದು ಪಾಲು ಕೆಲಸ ನನ್ನ ಕಣ್ಣಿಗೇ ಕಂಡಿರಲಿಲ್ಲ.

ಆಮೇಲೆ ಅವಳು ಹಾಳೆಯನ್ನು ಮೂರು ಭಾಗ ಮಾಡಿದಳು. ಇದನ್ನು ನೀವು ನಿಮ್ಮ ಅಂಕಿ ಹಾಕಿ ಹಾಗೇ ಮಾಡಬಹುದು. ಒಂದರಲ್ಲಿ, ಒಂದು ಮಗು ಇದ್ದರೂ ಐದು ಇದ್ದರೂ ಬದಲಾಗದ ಖರ್ಚು: ವಿಮೆ, ಲೈಸೆನ್ಸ್, ಎರಡು ಗಂಟೆ ಬಂದು ಹೋಗುವ ಸಹಾಯಕಿಯ ಸಂಬಳ, ಕರೆಂಟು, ನೀರು, ಸವೆದುಹೋಗುವ ಚಾಪೆ ಹಾಸಿಗೆಗಳಿಗೆ ತೆಗೆದಿಡುವ ದುಡ್ಡು. ನನ್ನದು ತಿಂಗಳಿಗೆ 180 ಬಂತು. ಇನ್ನೊಂದರಲ್ಲಿ, ಪ್ರತಿ ಮಗುವಿಗೆ ಏರುವ ಖರ್ಚು: ಊಟ ತಿಂಡಿ, ಒರೆಸುವ ಬಟ್ಟೆ, ಸೋಪು, ಬಣ್ಣ, ಕಾಗದ. ಮಗುವಿಗೆ 25. ಮೂರನೆಯದರಲ್ಲಿ ನನ್ನ ಸಂಬಳ. ಆ ಜಾಗ ಖಾಲಿ ಬಿಟ್ಟಿದ್ದೆ. "ಉಳಿದದ್ದು ನನ್ನದು" ಅಂದೆ. ಅಕ್ಕ ಪೆನ್ನು ಕೆಳಗಿಟ್ಟಳು. "ಉಳಿದದ್ದು ಅನ್ನೋದು ಸಂಬಳ ಅಲ್ಲ ಕಣೇ. ಸಹಾಯಕಿಗೆ ಕೊಟ್ಟ ಮೇಲೆ ಉಳಿದರೆ ಕೊಡ್ತೀನಿ ಅಂತೀಯಾ?" ಅಂದಳು. 300 ಎಂದು ಬರೆದೆವು.

180ಕ್ಕೆ 300 ಕೂಡಿಸಿ, ಮಕ್ಕಳ ಸಂಖ್ಯೆಯಿಂದ ಭಾಗಿಸಿ, ಅದಕ್ಕೆ 25 ಸೇರಿಸಿದೆವು. ಆರು ಮಕ್ಕಳಿದ್ದರೆ ಒಬ್ಬರಿಗೆ 105 ಬೀಳುತ್ತದೆ. ಅಂದರೆ ನನ್ನ ನೂರು ನಡೆಯಲು ಆರೂ ಜಾಗ ವರ್ಷವಿಡೀ ತುಂಬಿರಬೇಕಿತ್ತು, ಆಗಲೂ ಸ್ವಲ್ಪ ಕಡಿಮೆಯೇ. ಐದಕ್ಕೆ 121. ನಾಲ್ಕಕ್ಕೆ 145. ಮತ್ತೆ ಅಕ್ಕ ಹೇಳಿದ ಮಾತು ನನಗೆ ಹೊಳೆದೇ ಇರಲಿಲ್ಲ: ಐದು ಜಾಗ ಇದ್ದರೆ ಐದಕ್ಕೆ ಲೆಕ್ಕ ಹಾಕಬಾರದು. ಒಂದು ಮಗು ಶಾಲೆಗೆ ಸೇರುತ್ತದೆ, ಒಂದು ಮನೆಯವರು ಊರು ಬಿಡುತ್ತಾರೆ, ಆ ಜಾಗ ಮತ್ತೆ ತುಂಬಲು ತಿಂಗಳು ಹಿಡಿಯುತ್ತದೆ. ನಾಲ್ಕು ಮತ್ತು ಐದರ ನಡುವೆ ಇಟ್ಟುಕೊಳ್ಳಬೇಕು. ಹಾಗೆ ಬಂದದ್ದು 135. ನಾಲ್ಕು ಮಕ್ಕಳಿದ್ದ ತಿಂಗಳು ನನಗೆ 260, ಐದಿದ್ದರೆ 370.

ಬರದ ದಿನಗಳ ವಿಷಯಕ್ಕೆ ಅವಳು ಒಂದೇ ಪ್ರಶ್ನೆ ಕೇಳಿದಳು. "ಆ ಒಂಬತ್ತು ದಿನ ಆ ಜಾಗಕ್ಕೆ ಬೇರೆ ಮಗು ತಗೊಂಡ್ಯಾ? ಶಾಲೆಗೆ ರಜ ಹಾಕಿದ್ರೆ ಫೀಸ್ ವಾಪಸ್ ಕೊಡ್ತಾರಾ?" ಮಗು ಬರಲಿ ಬಿಡಲಿ, ಜಾಗ ಅದರದ್ದೇ ಆಗಿ ಉಳಿದಿತ್ತು. ನಾನು ಇಷ್ಟು ದಿನ ದಿನಗಳನ್ನು ಮಾರುತ್ತಿದ್ದೇನೆ ಅಂದುಕೊಂಡಿದ್ದೆ.

ಲೆಕ್ಕ ಸುಲಭ, ಹೇಳುವುದು ಕಷ್ಟ. ನನ್ನನ್ನು ತಡೆಯುತ್ತಿದ್ದದ್ದು ಏನು ಎಂದು ಆ ರಾತ್ರಿ ಯೋಚಿಸಿದೆ. ಮಕ್ಕಳನ್ನು ನೋಡಿಕೊಳ್ಳುವುದಕ್ಕೆ ದುಡ್ಡು ಕೇಳುವುದೇ ಒಂದು ಥರ ಕೆಟ್ಟದ್ದು ಅನ್ನುವ ಭಾವನೆ ಎಲ್ಲೋ ಒಳಗಿತ್ತು. ಹೆಂಗಸರು ಹೇಗೂ ಮಾಡುವ ಕೆಲಸ ತಾನೇ ಎಂದು ಬೇರೆಯವರು ಅಂದರೆ ಸಿಟ್ಟು ಬರುತ್ತಿತ್ತು. ನಾನೇ ಹಾಗೆ ನಂಬಿದ್ದೆ ಅನ್ನುವುದು ಗೊತ್ತಿರಲಿಲ್ಲ. ಕನ್ನಡಿ ಮುಂದೆ ನಿಂತು ಮೊತ್ತವನ್ನು ಜೋರಾಗಿ ಹೇಳುವ ಅಭ್ಯಾಸ ಮಾಡಿದೆ. ನಗಬೇಡಿ. ಮೊದಲ ಹತ್ತು ಸಲ "ಮಾತ್ರ", "ಅಷ್ಟೇ", "ಅಡ್ಜಸ್ಟ್ ಮಾಡೋಣ" ಅನ್ನುವ ಬಾಲ ತಾನಾಗಿ ಸೇರಿಕೊಳ್ಳುತ್ತಿತ್ತು.

ಮೂರೂ ಮನೆಯವರಿಗೆ ಎರಡು ತಿಂಗಳ ಮುಂಚೆಯೇ ಕಾಗದದಲ್ಲಿ ಬರೆದು ಕೊಟ್ಟೆ, ಒಬ್ಬೊಬ್ಬರನ್ನು ಕೂರಿಸಿ ಬಾಯಲ್ಲೂ ಹೇಳಿದೆ. ಬಾಗಿಲಲ್ಲಿ ನಿಂತು ಹೇಳಬೇಡಿ, ಮಗು ಕೈ ಎಳೆಯುತ್ತಿರುತ್ತದೆ, ಮಾತು ಅರ್ಧಕ್ಕೆ ನಿಲ್ಲುತ್ತದೆ. ಒಂಬತ್ತು ದಿನ ಕಳೆದು ಕೊಟ್ಟಿದ್ದ ತಾಯಿ ಮರುದಿನವೇ ಬೇರೆ ಕಡೆ ನೋಡುತ್ತೇವೆ ಅಂದರು. ಎರಡು ತಿಂಗಳು ಮುಗಿಯುವ ಮೊದಲೇ, ಕೊನೆಯ ಹತ್ತು ದಿನದ ಫೀಸು ಬಾಕಿ ಇಟ್ಟು ಹೋದರು. ಅಡ್ವಾನ್ಸ್ ತೆಗೆದುಕೊಂಡಿರಲಿಲ್ಲ, ಕೇಳಲು ಕಾಗದ ಏನೂ ಇರಲಿಲ್ಲ. ತಡವಾಗಿ ಬರುವ ತಂದೆ ಸುಮ್ಮನೆ ಕೇಳಿಸಿಕೊಂಡು, "ತಡ ಆದ್ರೆ ಎಷ್ಟು ಅಂತಾನೂ ಬರೆದುಬಿಡಿ ಮೇಡಂ, ನನಗೂ ಮುಜುಗರ ತಪ್ಪುತ್ತೆ" ಅಂದರು. ಹತ್ತು ನಿಮಿಷ ವಿನಾಯಿತಿ, ಅದರ ಮೇಲೆ ಪ್ರತಿ ಕಾಲು ಗಂಟೆಗೆ ಇಷ್ಟು ಎಂದು ಬರೆದೆ. ಆ ನಂತರ ಅವರು ಆರು ಗಂಟೆ ಐದು ನಿಮಿಷಕ್ಕೆ ಬಾಗಿಲಲ್ಲಿರುತ್ತಾರೆ. ಗೇಟಿನ ಬೋರ್ಡು ನೋಡಿ ಬಂದಿದ್ದ ಮೊದಲ ತಾಯಿ ಹೇಳಿದ್ದು: "ನೀವೇ ಯಾವತ್ತಾದ್ರೂ ಕೇಳ್ತೀರಾ ಅಂತಿದ್ದೆ. ಇಷ್ಟು ಕಡಿಮೆಗೆ ಮಾಡಿ ಒಂದಿನ ಬಾಗಿಲು ಹಾಕಿಬಿಟ್ರೆ ನಾನು ಎಲ್ಲಿಗೆ ಹೋಗಲಿ ಅಂತ ಭಯ ಇತ್ತು."

ಹೊಸ ಫೀಸಿನ ಮೊದಲ ತಿಂಗಳು ಇದ್ದದ್ದು ಇಬ್ಬರೇ. ಹೊಟ್ಟೆಯಲ್ಲಿ ಚಿಟ್ಟೆ ಅಲ್ಲ, ಕಲ್ಲು. ತಿಂಗಳ ಕೊನೆಗೆ ಲೆಕ್ಕ ಮಾಡಿದರೆ ಕೈಯಲ್ಲಿ 40. ಹಳೆಯ ಫೀಸಿನಲ್ಲಿ ಮೂವರಿದ್ದು, ಯಾರೂ ರಜೆ ಹಾಕದ ತಿಂಗಳಲ್ಲಿ ಉಳಿಯುತ್ತಿದ್ದದ್ದು 45. ಒಂದು ಮಗು ಕಡಿಮೆ, ಬೆನ್ನುನೋವು ಕಡಿಮೆ, ವ್ಯತ್ಯಾಸ ಐದು.

ಆಗ ಮಾಡಿಕೊಂಡ ಕರಾರು ಪತ್ರ ಎರಡು ಪುಟದ್ದು. ಫೀಸು ತಿಂಗಳ ಮೊದಲೇ, ಐದನೇ ತಾರೀಖಿನೊಳಗೆ. ಒಂದು ತಿಂಗಳ ಅಡ್ವಾನ್ಸ್, ಬಿಡುವಾಗ ಒಂದು ತಿಂಗಳ ಮುಂಚೆ ಹೇಳಬೇಕು. ಮಗು ಬರದ ದಿನಕ್ಕೆ ಕಡಿತ ಇಲ್ಲ. ನಾನು ಬಾಗಿಲು ಹಾಕಿದ ದಿನಕ್ಕೆ, ವರ್ಷದಲ್ಲಿ ಹತ್ತು ದಿನ ನನ್ನ ರಜೆ ಬಿಟ್ಟು ಉಳಿದದ್ದಕ್ಕೆ, ಕಡಿತ ಉಂಟು. ಜ್ವರ ಬಂದರೆ ಔಷಧಿ ಇಲ್ಲದೆ 24 ಗಂಟೆ ಜ್ವರ ಬಾರದಿದ್ದ ಮೇಲೆ ಕಳಿಸಬೇಕು. ಈ ಔಷಧಿ ಇಲ್ಲದೆ ಅನ್ನುವ ಎರಡು ಪದ ಮರೆಯಬೇಡಿ. ಬೆಳಿಗ್ಗೆ ಏಳಕ್ಕೆ ಸಿರಪ್ ಕುಡಿಸಿ ತಂದರೆ ಹನ್ನೊಂದಕ್ಕೆ ಮಗು ಕೆಂಡವಾಗಿರುತ್ತದೆ. ಯಾರು ಯಾರು ಕರೆದುಕೊಂಡು ಹೋಗಬಹುದು, ಫೋಟೊ ತೆಗೆಯಬಹುದೇ, ವರ್ಷಕ್ಕೊಮ್ಮೆ ಯಾವ ತಿಂಗಳು ಫೀಸು ಪರಿಷ್ಕರಣೆ. ಈ ಕೊನೆಯದನ್ನು ಬರೆದಿಟ್ಟರೆ ಮುಂದಿನ ವರ್ಷ ಕನ್ನಡಿ ಮುಂದೆ ನಿಲ್ಲಬೇಕಾಗಿಲ್ಲ.

ಅರ್ಧ ದಿನದ ಮಕ್ಕಳ ವಿಷಯದಲ್ಲಿ ಇನ್ನೊಂದು ಪೆಟ್ಟು ತಿಂದೆ. ಅರ್ಧ ದಿನಕ್ಕೆ ಅರ್ಧ ಫೀಸು ಎಂದು ಒಬ್ಬ ಹುಡುಗಿಯನ್ನು ಸೇರಿಸಿಕೊಂಡೆ, ಮಧ್ಯಾಹ್ನಕ್ಕೆ ಇನ್ನೊಬ್ಬರು ಸಿಗುತ್ತಾರೆ ಎಂದು. ಸಿಗಲಿಲ್ಲ. ಮಧ್ಯಾಹ್ನ ಮಾತ್ರ ಬೇಕು ಅನ್ನುವ ಮನೆಯವರು ತೀರ ಅಪರೂಪ. ಈಗ ಅರ್ಧ ದಿನಕ್ಕೆ ಪೂರ್ತಿ ಫೀಸಿನ ಶೇ. 70. ಅಣ್ಣ ತಂಗಿ ಒಟ್ಟಿಗೆ ಬಂದರೆ ಶೇ. 10 ರಿಯಾಯಿತಿ, ದೊಡ್ಡ ಮಗುವಿನದ್ದರಲ್ಲಿ ಮಾತ್ರ. ರಿಯಾಯಿತಿ ಕೊಡುವ ಉಮೇದಿನಲ್ಲಿ ಒಮ್ಮೆ ಶೇ. 25 ಎಂದು ಬಾಯಿಬಿಟ್ಟಿದ್ದೆ. ಪುಣ್ಯಕ್ಕೆ ಅವರು ಬರಲಿಲ್ಲ.

ಹೊಸ ಮನೆಯವರನ್ನು ಕರೆತಂದದ್ದು ಯಾವುದು? ನಾನು ಖರ್ಚು ಮಾಡಿದ ಯಾವುದೂ ಅಲ್ಲ. ಮೊದಲ ದಿನದಿಂದ ಪ್ರತಿ ಮಗುವಿಗೆ ಒಂದು ಚಿಕ್ಕ ನೋಟ್‌ಬುಕ್ ಇಟ್ಟಿದ್ದೆ. ಎಷ್ಟು ಉಂಡ, ಡಯಾಪರ್ ಎಷ್ಟು ಸಲ, "11.40ಕ್ಕೆ ಮಲಗಿದ, 1.15ಕ್ಕೆ ಎದ್ದ, ಎದ್ದಾಗ ಕಿಟಕಿ ತೋರಿಸಿ ಕಾ ಕಾ ಅಂದ." ಅಷ್ಟೇ, ಮೂರು ನಾಲ್ಕು ಸಾಲು. ಮೊದಲ ತಾಯಿ ಅದನ್ನು ಆಫೀಸಿಗೆ ಒಯ್ದು ಊಟದ ಹೊತ್ತಿನಲ್ಲಿ ಓದುತ್ತಿದ್ದರಂತೆ. ಪಕ್ಕ ಕೂತವರು ಇಣುಕಿ ನೋಡಿದರು. ಆ ಒಂದು ನೋಟ್‌ಬುಕ್ಕಿನಿಂದ ಇಬ್ಬರು ಬಂದರು.

ಇನ್ನೊಂದು, ಚೀಟಿ ಬದಲಿಸಿದ್ದು. ಮೊದಲು "ಪ್ರೀತಿಯ ಆರೈಕೆ, ಮನೆಯಂಥ ವಾತಾವರಣ" ಎಂದು ಬರೆದಿದ್ದೆ. ಅದನ್ನು ಯಾರು ಬರೆಯುವುದಿಲ್ಲ? ಹೊಸ ಚೀಟಿಯಲ್ಲಿ ಇದ್ದದ್ದು: ಜಾಗ ಖಾಲಿ ಇದೆ, ಒಂದರಿಂದ ಎರಡೂವರೆ ವರ್ಷದ ಮಗುವಿಗೆ, 8ರಿಂದ 6, ಒಟ್ಟು ಐದೇ ಮಕ್ಕಳು, ಲೈಸೆನ್ಸ್ ಸಂಖ್ಯೆ, ಕೆಳಗೆ ಫೀಸು. ಫೀಸು ಹಾಕಬೇಡ, ಜನ ಹೆದರುತ್ತಾರೆ ಎಂದು ಎಲ್ಲರೂ ಹೇಳಿದರು. ಹೆದರಿದವರು ಫೋನ್ ಮಾಡಲಿಲ್ಲ, ಅದು ನನಗೂ ಅನುಕೂಲವೇ. ಹಳೆ ಚೀಟಿಗೆ 19 ಕರೆ ಬಂದು ಇಬ್ಬರು ಮನೆ ನೋಡಲು ಬಂದಿದ್ದರು. ಹೊಸದಕ್ಕೆ ಏಳು ಕರೆ, ನಾಲ್ವರು ಬಂದರು, ಇಬ್ಬರು ಸೇರಿದರು.

ನೋಡಲು ಬರುವವರನ್ನು ಮೊದಲ ಸಲ ಆರೂವರೆ ಮೇಲೆ ಕರೆಯುತ್ತೇನೆ. ಇರುವ ಮಕ್ಕಳ ನಡುವೆ ಅಪರಿಚಿತರು ಓಡಾಡುವುದು ಆ ತಾಯಂದಿರಿಗೆ ಇಷ್ಟವಾಗುವುದಿಲ್ಲ. ಒಪ್ಪಿಗೆಯಾದರೆ ಎರಡನೇ ಸಲ ಹಗಲು ಹೊತ್ತು, ಮಗುವಿನ ಜೊತೆ, ಒಂದು ಗಂಟೆ. ಆಗ ಮನೆ ಹೇಗಿದೆಯೋ ಹಾಗೇ ಇರುತ್ತದೆ: ಒಬ್ಬ ಅಳುತ್ತಿರುತ್ತಾನೆ, ಒಬ್ಬಳ ಮೂಗು ಸೋರುತ್ತಿರುತ್ತದೆ. ಒಬ್ಬ ಹುಡುಗನನ್ನು ಶುರುವಿನಲ್ಲಿ ಎರಡೇ ದಿನಕ್ಕೆ ಬಿಡಿಸಿಕೊಂಡು ಹೋಗಿದ್ದರು, ಒಂದೇ ಸಮ ಅಳುತ್ತಾನೆ ಎಂದು. ಹತ್ತು ತಿಂಗಳ ಮಗು, ಅಮ್ಮನನ್ನು ಬಿಟ್ಟರೆ ಅಳುವ ವಯಸ್ಸೇ ಅದು. ಅದನ್ನು ನಾನು ಮೊದಲೇ ಹೇಳಿರಲಿಲ್ಲ. ಈಗ ಮೊದಲ ಭೇಟಿಯಲ್ಲೇ ಹೇಳುತ್ತೇನೆ: "ಎರಡು ವಾರ ಅಳ್ತಾನೆ. ನೀವೂ ಗೇಟಿನ ಹೊರಗೆ ನಿಂತು ಅಳ್ತೀರಾ. ಮೊದಲ ಮೂರು ದಿನ ಎರಡೆರಡು ಗಂಟೆ ಬಿಡಿ, ಅದಕ್ಕೆ ಫೀಸಿಲ್ಲ." ಹೇಳಿದ ಮೇಲೆ ಯಾರೂ ಎರಡನೇ ದಿನ ಓಡಿಹೋಗಿಲ್ಲ.

ಹಳೆಯ ಇಬ್ಬರು ತಾಯಂದಿರು ತಮ್ಮ ನಂಬರು ಕೊಡಲು ಒಪ್ಪಿದ್ದಾರೆ. ಹೊಸಬರು ಅವರನ್ನು ನಾನಿಲ್ಲದಾಗ ಕೇಳಿಕೊಳ್ಳಲಿ ಎಂದು. ಏನು ಮಾತಾಡಿಕೊಳ್ಳುತ್ತಾರೋ ನಾನು ಕೇಳಿಲ್ಲ.

ಇನ್ನೂ ಬಗೆಹರಿಯದ್ದು ಒಂದಿದೆ. ಮಗಳು ಶಾಲೆಗೆ ಸೇರಿದರೆ ಅವಳ ಜಾಗ ಆರನೆಯದಾಗಿ ತೆರೆಯುತ್ತದೆಯೇ, ಅಥವಾ ಸಂಜೆ ಮೂರೂವರೆಗೆ ಮನೆಗೆ ಬರುತ್ತಾಳೆಂದು ಹಾಗೇ ಎಣಿಕೆಯಲ್ಲಿ ಉಳಿಯುತ್ತದೆಯೇ ಅನ್ನುವುದು. ಬರಹದಲ್ಲಿ ಕೇಳಿ ಹದಿನೆಂಟು ದಿನ ಆಯಿತು.

ನಿನ್ನೆ ಸಂಜೆ ಒಂದು ಕರೆ. ಒಂದೂವರೆ ವರ್ಷದ ಹುಡುಗಿ, ಮುಂದಿನ ತಿಂಗಳಿಂದ ಬೇಕು, ಫೀಸೆಷ್ಟು ಎಂದು. ಈಗ ಜಾಗ ಇಲ್ಲ, ಪಟ್ಟಿಯಲ್ಲಿ ನಾಲ್ಕನೆಯವರಾಗಿ ಬರೆದುಕೊಳ್ಳುತ್ತೇನೆ ಅಂದೆ, ಆಮೇಲೆ ಮೊತ್ತ ಹೇಳಿದೆ. ಬಾಲ ಇಲ್ಲದೆ. ಆ ಕಡೆ ಮೌನ. ಮೊದಲಾಗಿದ್ದರೆ ಆ ಮೌನದೊಳಗೆ ಮೂರು ರಿಯಾಯಿತಿ ಸುರಿದುಬಿಡುತ್ತಿದ್ದೆ. ಸುಮ್ಮನೆ ಸೀಸದ ಕಡ್ಡಿಯ ತುದಿ ನೋಡುತ್ತಾ ನಿಂತೆ. ಕೊನೆಗೆ ಅವರೇ ಕೇಳಿದರು, "ಮಧ್ಯಾಹ್ನ ಎಲ್ಲಿ ಮಲಗಿಸ್ತೀರಾ ಮೇಡಂ?"